ಒಂದೇ ತೆರನ ಎರಡು ದೋಣಿ

ಇಳಕಲ್ಲ ಸೀರೆ ಕೊಳ್ಳುವಾಗ ಸೆರಗು ಕೂಡಿಸಿದ ಜಾಗವನ್ನು ತಿರುವಿ ನೋಡುವ ಹೆಣ್ಣುಮಕ್ಕಳು ನಾವು. ದೋಣಿ ಹತ್ತುವಾಗ ಮಾತ್ರ ಬಣ್ಣ, ಬಾಡಿಗೆ ನೋಡಿ ಸುಮ್ಮನಾಗುತ್ತೇವೆ.

ಗೋಕಾಕದ ನಾವು, ಮೂಡಲಗಿಯ ತಂಗಿ, ಹುಕ್ಕೇರಿಯ ನಾದಿನಿ, ಮಕ್ಕಳೆಲ್ಲ ಕೂಡಿ ಹದಿನಾಲ್ಕು ಮಂದಿ ಒಮ್ಮೆ ಹಿನ್ನೀರು ನೋಡಲು ಹೋಗಿದ್ದೆವು. ದಡದಲ್ಲಿ ಎರಡು ದೋಣಿ. ಎರಡರಲ್ಲೂ ಜೋಡಿ ಪೊಳ್ಳು ಕೊಳವೆಗಳ ಮೇಲೆ ಹಲಗೆಯ ಹಾಸು, ನೆರಳಿಗೆ ಚಪ್ಪರ, ಬಾಡಿಗೆಯೂ ಒಂದೇ.

ಒಬ್ಬ, "ಎಲ್ಲಾರೂ ಹತ್ರಿ ಅಕ್ಕಾರ, ನಡೀತದ" ಎಂದ. ಇನ್ನೊಬ್ಬ, "ಹತ್ತ ಮಂದಿ ಅಷ್ಟ. ಜಾಕೆಟ್ ಹಾಕ್ಕೊಳ್ಳದಿದ್ರ ಬಿಡಂಗಿಲ್ಲ" ಎಂದ.

"ಕೂಡಿ ಹೋಗಾಕ ಅಲ್ಲೇನ್ರಿ ವೈನಿ ಬಂದದ್ದು?" ಎಂದು ನಾದಿನಿ ಮುಖ ಸಣ್ಣದು ಮಾಡಿದಳು.

ನನಗೆ ಕೇರಳದ ತೇಕ್ಕಡಿ ನೆನಪಾಯಿತು. 2009ರ ಸೆಪ್ಟೆಂಬರ್ 30ರಂದು, ಕಾಡುಪ್ರಾಣಿ ನೋಡುವ ಸಂಭ್ರಮದಲ್ಲಿ ಜನ ಒಂದೇ ಬದಿಗೆ ಸರಿದು, ದೋಣಿ ಮಗುಚಿ 45 ಮಂದಿ ಸತ್ತರು. ಅದೇನೂ ಹಳೆಯ ದೋಣಿಯಲ್ಲ. ಕೊಳವೆಯೊಳಗಿನ ಗಾಳಿ ಹೊರುವ ಭಾರಕ್ಕೆ ಮಿತಿಯಿದೆ. ಭಾರವೆಲ್ಲ ಒಂದು ಮಗ್ಗುಲಿಗೆ ಬಿದ್ದರೆ ದೋಣಿ ವಾಲಲೇಬೇಕು. ಮಕ್ಕಳಿರುವ ಮನೆಯವರು ಮೊದಲು ಕೇಳಬೇಕಾದದ್ದು, ಎಷ್ಟು ಮಂದಿಗೆ ಈತ "ಬೇಡ" ಎನ್ನುತ್ತಾನೆ ಎಂಬುದನ್ನು.

"ಬೇಡ" ಎಂದವನ ದೋಣಿಯನ್ನೇ ಹಿಡಿದೆವು. ಎರಡು ಸುತ್ತು, ಎರಡು ಬಾಡಿಗೆ. ನಾದಿನಿಯ ಮುನಿಸು ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚುವ ಹೊತ್ತಿಗೆ ಇಳಿದಿತ್ತು.