ಚೆಂಡು ಮುಟ್ಟದವನು

ಮಗಳ ಬಾಣಂತನಕ್ಕೆಂದು ಇದ್ದಬದ್ದ ಗಳಿಕೆ ರಜೆಯನ್ನೆಲ್ಲ ಒಟ್ಟುಗೂಡಿಸಿಕೊಂಡು ನಾನು ಅಮೆರಿಕದ ಡಲ್ಲಾಸಿಗೆ ಹೋದೆ. ಹೋಗುವಾಗ ನನ್ನ ಪೆಟ್ಟಿಗೆಯಲ್ಲಿ ಇದ್ದುದು ಬಾಣಂತಿ ಲೇಹ್ಯ, ಮೆಂತ್ಯದ ಪುಡಿ, ಮಗುವಿಗೆ ಹಾಸಲು ಹೊದಿಸಲು ನನ್ನ ಹಳೆಯ ಸೀರೆಗಳ ತುಂಡುಗಳು. ಬರುವಾಗ ಒಬ್ಬ ಆಟಗಾರನ ಚಿಂತೆಯನ್ನು ತಲೆಯಲ್ಲಿ ಹೊತ್ತು ತರುತ್ತೇನೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಆಟವೆಂದರೆ ನನಗೆ ಅಷ್ಟಕ್ಕಷ್ಟೆ. ಪಿ.ಟಿ. ಮೇಷ್ಟ್ರು ರಜೆ ಹಾಕಿದ ದಿನ ಮಕ್ಕಳನ್ನು ಮೈದಾನಕ್ಕೆ ಬಿಟ್ಟು, ಬೇವಿನ ಮರದ ನೆರಳಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುವುದಷ್ಟೇ ನನ್ನ ಕ್ರೀಡಾಜೀವನ.

ಸೆಪ್ಟೆಂಬರ್ ಬಂತೆಂದರೆ ಅಲ್ಲಿ ಭಾನುವಾರಗಳೆಲ್ಲ ಫುಟ್‌ಬಾಲಿಗೆ ಮೀಸಲು. ಹೆಸರು ಫುಟ್‌ಬಾಲ್, ಆದರೆ ಕಾಲಿನಿಂದ ಚೆಂಡು ಒದೆಯುವುದು ಅಪರೂಪ. ಚೆಂಡಾದರೂ ಗುಂಡಗಿದೆಯೇ? ಎರಡೂ ತುದಿ ಚೂಪಾದ ನಮ್ಮೂರ ಸೀಬೆಕಾಯಿಯಂತೆ. ತಲೆಗೆ ಶಿರಸ್ತ್ರಾಣ, ಭುಜಕ್ಕೆ ದಿಂಬು ಕಟ್ಟಿಕೊಂಡ ದಾಂಡಿಗರು ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಏಳುತ್ತಾರೆ, ಮತ್ತೆ ಬೀಳುತ್ತಾರೆ. ಎಣ್ಣೆ ಸವರಿದ ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು, "ಇದೇನು ಆಟವೋ, ಜಾತ್ರೆಯ ನೂಕುನುಗ್ಗಲೋ" ಎಂದು ಗೊಣಗುತ್ತಿದ್ದೆ.

ನಮ್ಮ ಅಳಿಯಂದಿರು ತಾಳ್ಮೆಯ ಮನುಷ್ಯ. "ಅತ್ತೆ, ಕಬಡ್ಡಿ ಅಂತ ತಿಳ್ಕೊಳ್ಳಿ, ಅರ್ಥ ಆಗತ್ತೆ" ಎಂದು ಹೇಳಿಕೊಟ್ಟರು. ಎರಡೂ ಕಡೆ ಹನ್ನೊಂದು ಹನ್ನೊಂದು ಜನ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲವಾದರೆ ಚೆಂಡು ಎದುರಾಳಿಗೆ. ಚೆಂಡನ್ನು ಎಸೆಯುವವನು ಕ್ವಾರ್ಟರ್‌ಬ್ಯಾಕ್, ಅವನೇ ಮದುಮಗ. ಎಲ್ಲರ ಕಣ್ಣೂ ಅವನ ಮೇಲೆ.

"ಅವನ ಮುಂದೆ ಗೋಡೆಯ ಹಾಗೆ ನಿಲ್ಲುವ ಆ ಐದು ಜನ ಯಾರು?" ಎಂದು ಕೇಳಿದೆ.

"ಲೈನ್‌ಮನ್ ಅಂತಾರೆ. ಎದುರಾಳಿಗಳು ಕ್ವಾರ್ಟರ್‌ಬ್ಯಾಕಿನ ಮೈಮೇಲೆ ಬೀಳದ ಹಾಗೆ ತಡೆಯೋದು, ಓಡೋನಿಗೆ ದಾರಿ ಬಿಡಿಸಿಕೊಡೋದು ಅವರ ಕೆಲಸ. ಚೆಂಡನ್ನು ಹಿಂದಕ್ಕೆ ಕೊಡೋ ನಡುವಿನವನು ಬಿಟ್ಟರೆ ಉಳಿದ ನಾಲ್ವರು ಇಡೀ ಆಟದಲ್ಲಿ ಒಂದು ಸಲಾನೂ ಚೆಂಡು ಮುಟ್ಟದೆ ಮನೆಗೆ ಹೋಗಬಹುದು. ಅವರ ಹೆಸರು ಯಾರೂ ಹೇಳಲ್ಲ ಅತ್ತೆ. ತಪ್ಪು ಮಾಡಿದಾಗ ಮಾತ್ರ ರೆಫರಿ ಮೈಕಿನಲ್ಲಿ ಅವರ ಅಂಗಿಯ ನಂಬರು ಕೂಗ್ತಾನೆ."

ಒಳಗೆ ಮಲಗಿದ್ದ ಮಗಳು ಅಲ್ಲಿಂದಲೇ, "ನಿನ್ನ ಅಡಿಗೆ ಹಾಗೇ ಅಮ್ಮ, ಸಾರಿಗೆ ಉಪ್ಪು ಜಾಸ್ತಿಯಾದ ದಿನ ಮಾತ್ರ ಅಪ್ಪನಿಗೆ ನಿನ್ನ ನೆನಪು" ಎಂದಳು. ಮೂವರೂ ನಕ್ಕೆವು. ಆದರೆ ಅಂದಿನಿಂದ ನಾನು ಚೆಂಡಿನ ಹಿಂದೆ ಓಡುವವರನ್ನು ಬಿಟ್ಟು ಆ ಐವರನ್ನೇ ನೋಡತೊಡಗಿದೆ. ನನ್ನ ಆಸಕ್ತಿ ಕಂಡು ಅಳಿಯಂದಿರು, "ಹಾಗಾದರೆ ಫಾರೆಸ್ಟ್ ಗ್ರೆಗ್ ಕಥೆ ಓದಿ. ಇದೇ ಟೆಕ್ಸಾಸಿನವನು" ಎಂದರು. ಮಗು ಮಲಗಿದ ಹೊತ್ತಿನಲ್ಲಿ, ಹತ್ತಿರದ ಗ್ರಂಥಾಲಯದಿಂದ ತರಿಸಿಕೊಂಡು, ಅವನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಗ್ರೆಗ್ ಹುಟ್ಟಿದ್ದು 1933ರಲ್ಲಿ, ಟೆಕ್ಸಾಸಿನ ಬರ್ತ್‌ರೈಟ್ ಎಂಬ ಪುಟ್ಟ ಊರಿನಲ್ಲಿ. ಓದಿದ್ದು, ಆಡಿದ್ದು ಡಲ್ಲಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ. 1956ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡ ಅವನನ್ನು ಆರಿಸಿಕೊಂಡಿತು. ಆರು ಅಡಿ ನಾಲ್ಕು ಅಂಗುಲದ ಆಳಾದರೂ ಆ ಜಾಗಕ್ಕೆ ಮೈಭಾರ ಸಾಲದು ಎನ್ನುವವರಿದ್ದರು. ಗ್ರೆಗ್ ಅದಕ್ಕೆ ಬೇರೆ ಉಪಾಯ ಕಂಡುಕೊಂಡ. ಎದುರಾಳಿಗಳ ಆಟದ ಫಿಲಂಗಳನ್ನು ಕುಳಿತು ನೋಡುವುದು, ಯಾರು ಯಾವ ಕಾಲು ಮುಂದಿಡುತ್ತಾರೆ, ಯಾವ ಕಡೆ ವಾಲುತ್ತಾರೆ ಎಂದು ಗುರುತಿಟ್ಟುಕೊಳ್ಳುವುದು. ಬಲಕ್ಕಿಂತ ಅಭ್ಯಾಸ ದೊಡ್ಡದೆಂದು ನಾವು ಮಕ್ಕಳಿಗೆ ಹೇಳುತ್ತೇವಲ್ಲ, ಅದನ್ನು ಮಾಡಿ ತೋರಿಸಿದವನು.

1958ರಲ್ಲಿ ಆ ತಂಡ ಹನ್ನೆರಡು ಪಂದ್ಯಗಳಲ್ಲಿ ಗೆದ್ದಿದ್ದು ಒಂದೇ ಒಂದು. ಮಾರನೆಯ ವರ್ಷ ವಿನ್ಸ್ ಲೊಂಬಾರ್ಡಿ ಎಂಬ ಕೋಚ್ ಬಂದ. ಹಿಂದೆ ಶಾಲಾ ಮಾಸ್ತರನಾಗಿದ್ದವನಂತೆ ಆತ. ಓದಿ ನನಗೆ ಒಳಗೊಳಗೇ ಖುಷಿಯಾಯಿತು. ಅವನ ಕೈಕೆಳಗೆ ಪ್ಯಾಕರ್ಸ್ 1961ರಿಂದ 1967ರೊಳಗೆ ಐದು ಸಲ ಚಾಂಪಿಯನ್ ಆಯಿತು. ತಾನು ತರಬೇತಿ ಕೊಟ್ಟವರಲ್ಲೆಲ್ಲ ಅತ್ಯುತ್ತಮ ಆಟಗಾರ ಗ್ರೆಗ್ ಎಂದು ಲೊಂಬಾರ್ಡಿ ಬರೆದ. ಚೆಂಡು ಎಸೆದವನನ್ನಲ್ಲ, ಹಿಡಿದವನನ್ನೂ ಅಲ್ಲ, ಚೆಂಡು ಮುಟ್ಟದವನನ್ನು!

1967ರ ಡಿಸೆಂಬರ್ 31ರಂದು ಗ್ರೀನ್ ಬೇಯಲ್ಲಿ ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ ನಡೆದ ಪಂದ್ಯವನ್ನು ಜನ ಈಗಲೂ ನೆನೆಯುತ್ತಾರೆ. ರೆಫರಿಯ ಸೀಟಿ ತುಟಿಗೆ ಹೆಪ್ಪುಗಟ್ಟಿ ಅಂಟಿಕೊಂಡಿತಂತೆ. ಆಟ ಮುಗಿಯಲು ಕೆಲವೇ ಸೆಕೆಂಡುಗಳಿದ್ದಾಗ, ಮುಂದಿನ ಸಾಲಿನವರು ತೆರೆದ ಸಂದಿಯಲ್ಲಿ ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರ್ ನುಗ್ಗಿ ಬಿದ್ದು, ಡಲ್ಲಾಸ್ ವಿರುದ್ಧ 21–17ರಿಂದ ಪ್ಯಾಕರ್ಸ್ ಗೆದ್ದಿತು. ಆ ಸಾಲಿನಲ್ಲಿ ಬಲತುದಿಗೆ ನಿಂತಿದ್ದವನು 75ನೇ ನಂಬರಿನ ಗ್ರೆಗ್. ಸತತ 188 ಪಂದ್ಯಗಳಲ್ಲಿ ಆತ ಒಂದನ್ನೂ ತಪ್ಪಿಸಲಿಲ್ಲ. ಅಂದಿಗೆ ಅದೇ ದಾಖಲೆ. ವರ್ಷದ ಸಾಂದರ್ಭಿಕ ರಜೆಯಲ್ಲಿ ಒಂದೂ ಉಳಿಸದ ನನ್ನಂಥವಳಿಗೆ ಈ ಸಂಖ್ಯೆ ಚುಚ್ಚಿದ್ದು ಸುಳ್ಳಲ್ಲ. 1971ರಲ್ಲಿ ಕೊನೆಯ ವರ್ಷ ಆಡಿ, 1977ರಲ್ಲಿ ಆಟದ ಕೀರ್ತಿಭವನ ಸೇರಿದ.

ಆಮೇಲೆ ಕೋಚ್ ಆದ. ಅಲ್ಲಿ ಏಳುಬೀಳು. 1975ರಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮುಖ್ಯ ಕೋಚ್, 1976ರಲ್ಲಿ ವರ್ಷದ ಶ್ರೇಷ್ಠ ಕೋಚ್ ಪ್ರಶಸ್ತಿ, 1977ರ ಋತು ಮುಗಿಯುವ ಮೊದಲೇ ಕೆಲಸ ಹೋಯಿತು. 1980ರಿಂದ ಸಿನ್ಸಿನಾಟಿ ತಂಡ. 1982ರ ಜನವರಿ 10ರಂದು ಮತ್ತೊಮ್ಮೆ ಹೆಪ್ಪುಗಟ್ಟಿಸುವ ಚಳಿ. ಅವನ ತಂಡದ ಲೈನ್‌ಮನ್‌ಗಳು ಬರಿತೋಳಿನಲ್ಲೇ ಮೈದಾನಕ್ಕಿಳಿದು 27–7ರಿಂದ ಗೆದ್ದರು. ಆದರೆ ಮುಂದಿನ ಸೂಪರ್ ಬೌಲ್ ಫೈನಲ್‌ನಲ್ಲಿ 26–21ರಿಂದ ಸೋತರು. ತವರು ತಂಡವಾದ ಪ್ಯಾಕರ್ಸ್‌ಗೆ 1984ರಿಂದ ನಾಲ್ಕು ವರ್ಷ ಕೋಚಾಗಿದ್ದೂ ಫಲ ಕೊಡಲಿಲ್ಲ. ಗೆದ್ದಿದ್ದಕ್ಕಿಂತ ಸೋತಿದ್ದೇ ಹೆಚ್ಚು. ತಾನು ಚೆನ್ನಾಗಿ ಬಲ್ಲವನು ಚೆನ್ನಾಗಿ ಕಲಿಸಿಯೇ ಕಲಿಸುತ್ತಾನೆ ಎಂಬುದು ಅಷ್ಟು ಸರಳವಲ್ಲವೆಂದು ಬಿ.ಇಡಿ. ಮಾಡಿದ ನಮಗೆ ಬೇರೆ ಹೇಳಬೇಕೆ?

ಇಷ್ಟೇ ಆಗಿದ್ದರೆ ಓದಿ ಮರೆಯುತ್ತಿದ್ದೆ. ನನ್ನನ್ನು ಹಿಡಿದಿದ್ದು ಮುಂದಿನ ಭಾಗ.

ಗ್ರೆಗ್ ಓದಿದ ವಿಶ್ವವಿದ್ಯಾಲಯದಲ್ಲಿ ಈ ನಡುವೆ ದೊಡ್ಡ ಹಗರಣವಾಗಿತ್ತು. ಹಣವಂತ ಅಭಿಮಾನಿಗಳು ವಿದ್ಯಾರ್ಥಿ ಆಟಗಾರರಿಗೆ ಗುಟ್ಟಾಗಿ ದುಡ್ಡು ಕೊಡುತ್ತಿದ್ದರು. ಶಿಕ್ಷೆಯಾದ ಮೇಲೂ ನಿಲ್ಲಿಸಲಿಲ್ಲ. ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆ 1987ರ ಇಡೀ ಋತುವನ್ನೇ ರದ್ದು ಮಾಡಿತು. ಜನ ಅದನ್ನು ಮರಣದಂಡನೆ ಎಂದೇ ಕರೆದರು. 1988ರಲ್ಲಿ ವಿಶ್ವವಿದ್ಯಾಲಯ ತಾನಾಗಿಯೇ ಆಡಲಿಲ್ಲ. ಬೇರೆ ಕಾಲೇಜಿನವರು ಕ್ಯಾಂಪಸ್ಸಿಗೇ ಬಂದು ಒಳ್ಳೆಯ ಆಟಗಾರರನ್ನೆಲ್ಲ ಕರೆದೊಯ್ದರು. ಇಂಥ ಜಾಗಕ್ಕೆ, 1988ರ ಜನವರಿಯಲ್ಲಿ, ದೊಡ್ಡ ತಂಡದ ಕೋಚ್ ಹುದ್ದೆ ಬಿಟ್ಟು ಗ್ರೆಗ್ ಬಂದ.

ಇಲ್ಲಿ ಓದುವುದನ್ನು ನಿಲ್ಲಿಸಿ ಪುಸ್ತಕ ಮಡಚಿಟ್ಟೆ. ಕಾರಣ ಹೇಳುತ್ತೇನೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನಿದ್ದ ಶಾಲೆಯಲ್ಲಿ ಹತ್ತನೆಯ ತರಗತಿ ಪರೀಕ್ಷೆಯ ಹೊತ್ತಿಗೆ ಸಾಮೂಹಿಕ ನಕಲು ಸಿಕ್ಕಿಬಿತ್ತು. ಕಿಟಕಿಯಿಂದ ಚೀಟಿ ಕೊಟ್ಟವರು ಹೊರಗಿನವರಾದರೂ ಕಣ್ಣುಮುಚ್ಚಿಕೊಂಡಿದ್ದವರು ಒಳಗಿನವರೇ. ಕೇಂದ್ರ ರದ್ದಾಯಿತು. ಪತ್ರಿಕೆಯಲ್ಲಿ ಬಂತು. ಜೂನ್ ಬರುವಷ್ಟರಲ್ಲಿ ಅನುಕೂಲವಿದ್ದವರೆಲ್ಲ ಟಿ.ಸಿ. ತೆಗೆದುಕೊಂಡು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದರು. ಉಳಿದವರು ಮೂವತ್ತನಾಲ್ಕು ಮಕ್ಕಳು. ಎಲ್ಲಿಗೂ ಹೋಗಲಾಗದವರು. ನಾನು ಅವರ ತರಗತಿ ಶಿಕ್ಷಕಿ, ಸಮಾಜ ಪಾಠದವಳು. ಆ ವರ್ಷ ಪಾಸಾದವರು ಒಂಬತ್ತು ಮಂದಿ. ಅಂಗಡಿಗೆ ಹೋದರೂ, ಮದುವೆಮನೆಗೆ ಹೋದರೂ "ಆ ಶಾಲೆಯ ಟೀಚರಾ?" ಎಂಬ ಪ್ರಶ್ನೆ. ಬೇಸಿಗೆಯಲ್ಲಿ ವರ್ಗಾವಣೆಗೆ ಅರ್ಜಿ ಹಾಕಿದೆ, ಸಿಕ್ಕಿತು, ಹೊರಟುಬಿಟ್ಟೆ. ಒಂಬತ್ತನೆಯ ತರಗತಿಯ ಮಕ್ಕಳು ಗೇಟಿನ ತನಕ ಬಂದಿದ್ದರು. ಮಗಳ ಓದಿಗಾಗಿ ಎಂದು ಎಲ್ಲರಿಗೂ ಹೇಳಿದೆ. ಅದು ಅರ್ಧ ನಿಜ.

ಮರುದಿನ ಮತ್ತೆ ಪುಸ್ತಕ ತೆರೆದೆ. ಗ್ರೆಗ್‌ಗೆ ಸಿಕ್ಕಿದ್ದು ಹೆಚ್ಚಾಗಿ ಹೊಸಬರು, ಎಳೆಯರು. ಎಪ್ಪತ್ತು ಮಂದಿಯ ಗುಂಪಿನಲ್ಲಿ, ಐವತ್ತು ದಾಟಿದ ಕೋಚೇ ಬಹುಪಾಲು ಹುಡುಗರಿಗಿಂತ ಎತ್ತರ, ಬಹುಪಾಲು ಹುಡುಗರಿಗಿಂತ ತೂಕ! ಲೈನ್‌ನಲ್ಲಿ ನಿಲ್ಲಲು ಮೈಕಟ್ಟಿನವರೇ ಇಲ್ಲದೆ ಸಿಕ್ಕವರನ್ನು ನಿಲ್ಲಿಸಬೇಕಾಯಿತು. 1989ರಲ್ಲಿ ಮೊದಲ ಪಂದ್ಯ 35–6ರಿಂದ ಸೋತರು. ಎರಡನೆಯದರಲ್ಲಿ ಕನೆಕ್ಟಿಕಟ್ ವಿರುದ್ಧ ತೀರಾ ಹಿಂದೆ ಬಿದ್ದಿದ್ದವರು ಕೊನೆಯ ಕ್ಷಣದಲ್ಲಿ 31–30ರಿಂದ ಗೆದ್ದರು. ಕ್ಯಾಂಪಸ್ಸಿನ ಹಳೆಯ ಪುಟ್ಟ ಮೈದಾನದಲ್ಲಿ ಅಂದು ಹಬ್ಬ.

ಅಕ್ಟೋಬರಿನಲ್ಲಿ ಹ್ಯೂಸ್ಟನ್ ತಂಡ ಈ ಹುಡುಗರ ಮೇಲೆ 95 ಅಂಕ ಹೊಡೆಯಿತು. ಇವರದು 21. ಎದುರಾಳಿ ಆ ಒಂದೇ ದಿನ ಸಾವಿರಕ್ಕೂ ಹೆಚ್ಚು ಗಜ ಮುನ್ನಡೆದಿತ್ತು. ಅಂಥ ದಿನದ ಮಾರನೆಯ ಬೆಳಿಗ್ಗೆ ಹುಡುಗರ ಮುಂದೆ ನಿಂತು ಏನು ಹೇಳುವುದು? ಒಂಬತ್ತು ಮಂದಿ ಪಾಸಾದ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಿದ ಕೈ ನನ್ನದು. ಆ ನಾಲಿಗೆ ಒಣಗುವುದು ನನಗೆ ಗೊತ್ತು.

ಆ ವರ್ಷ ಎರಡು ಗೆಲುವು, ಒಂಬತ್ತು ಸೋಲು. 1990ರಲ್ಲಿ ಒಂದು ಗೆಲುವು, ಹತ್ತು ಸೋಲು. ಲೆಕ್ಕದಲ್ಲಿ ತೀರಾ ಕೆಟ್ಟ ಎರಡು ವರ್ಷ. ಆದರೂ ಮುದಿವಯಸ್ಸಿನಲ್ಲಿ ಆತ ಹೇಳಿದ್ದೇನೆಂದರೆ, ಆ ಹುಡುಗರಷ್ಟು ಧೈರ್ಯವಂತರಿಗೆ ತಾನು ಎಂದೂ ತರಬೇತಿ ಕೊಟ್ಟಿರಲಿಲ್ಲ, ಆಟದ ಬದುಕಿನಲ್ಲಿ ಅತ್ಯಂತ ಸಂತೋಷ ಕೊಟ್ಟ ಅನುಭವಗಳಲ್ಲಿ ಅದೊಂದು ಎಂದು. ಆರು ಸಲ ಚಾಂಪಿಯನ್ ತಂಡದಲ್ಲಿದ್ದವನ ಮಾತು ಇದು. ಕೋಚ್ ಕೆಲಸ ಬಿಟ್ಟ ಮೇಲೂ 1994ರವರೆಗೆ ಅಲ್ಲೇ ಕ್ರೀಡಾ ನಿರ್ದೇಶಕನಾಗಿದ್ದ.

2011ರಲ್ಲಿ ಅವನಿಗೆ ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾಯಿತು. ಆಡುವಾಗ ತಲೆಗೆ ಬಿದ್ದ ಪೆಟ್ಟುಗಳೂ ಕಾರಣವಿರಬಹುದು ಎಂದರು ವೈದ್ಯರು. ಅಷ್ಟು ವರ್ಷ ಇನ್ನೊಬ್ಬರಿಗೆ ಪೆಟ್ಟು ಬೀಳದಂತೆ ಅಡ್ಡ ನಿಂತವನ ಕೈ ನಡುಗತೊಡಗಿತು. 2019ರ ಏಪ್ರಿಲ್ 12ರಂದು, ಎಂಬತ್ತೈದನೆಯ ವಯಸ್ಸಿನಲ್ಲಿ, ತೀರಿಕೊಂಡ. ಇದನ್ನು ಓದಿದ ಮೇಲೆ ಭಾನುವಾರದ ಆಟವನ್ನು ಮೊದಲಿನ ಹಾಗೆ ನೋಡಲಾಗಲಿಲ್ಲ. ಡಿಕ್ಕಿಯ ಸದ್ದಿಗೆ ಕಣ್ಣು ಮುಚ್ಚುತ್ತಿದ್ದೆ.

ಹೊರಡುವ ಮುನ್ನ ಒಂದು ಸಂಜೆ ಅಳಿಯಂದಿರು ಆ ವಿಶ್ವವಿದ್ಯಾಲಯಕ್ಕೆ ಕರೆದುಕೊಂಡು ಹೋದರು. ಹಳೆಯ ಮೈದಾನವನ್ನು ಕೆಡವಿ ಆ ಜಾಗದಲ್ಲಿ 2000ದಲ್ಲಿ ಹೊಸ ಕ್ರೀಡಾಂಗಣ ಕಟ್ಟಿದ್ದಾರೆ. ಮಗುವಿನ ಗಾಡಿ ತಳ್ಳಿಕೊಂಡು ಓಕ್ ಮರಗಳ ಕೆಳಗೆ ನಡೆದೆವು. "ಏನತ್ತೆ, ಸುಮ್ಮನಾಗಿಬಿಟ್ರಿ?" ಎಂದರು. ನೆನಪಾಗಿದ್ದನ್ನು ಹೇಳಲಿಲ್ಲ.

ನೆನಪಾಗಿದ್ದು ಹೋದ ವರ್ಷ ಬಸ್ಸಿನಲ್ಲಿ ಸಿಕ್ಕ ಕಂಡಕ್ಟರು. ಟಿಕೆಟ್ ಹರಿಯುತ್ತಾ ನನ್ನ ಮುಖ ನೋಡಿ, "ಮಿಸ್, ಗುರುತು ಸಿಕ್ತಾ? ನೀವು ಹೋಗುವಾಗ ನಾನು ಒಂಬತ್ತನೇ ಕ್ಲಾಸು" ಎಂದ. ಚೆನ್ನಾಗಿದ್ದೀಯೇನಪ್ಪಾ ಎಂದೆ. "ಚೆನ್ನಾಗಿದೀನಿ ಮಿಸ್. ಮೂರನೇ ಸಲಕ್ಕೆ ಪಾಸಾದೆ. ನೀವು ಹೋದ್ಮೇಲೆ ಆ ವರ್ಷ ಪೂರ್ತಿ ಸಮಾಜಕ್ಕೆ ಯಾರೂ ಬರಲಿಲ್ಲ." ಅವನ ದನಿಯಲ್ಲಿ ದೂರಿರಲಿಲ್ಲ. ಚಿಲ್ಲರೆ ಎಣಿಸಿ ಕೊಟ್ಟು ಮುಂದಿನ ಸೀಟಿಗೆ ಹೋದ.

ಊರಿಗೆ ಬಂದು ಶಾಲೆಗೆ ಹಾಜರಾದ ದಿನ ಮುಖ್ಯೋಪಾಧ್ಯಾಯರು ವೇಳಾಪಟ್ಟಿ ಮುಂದಿಟ್ಟರು. ಹತ್ತನೆಯ ತರಗತಿಯ ಸಿ ವಿಭಾಗವನ್ನು ನಮ್ಮಲ್ಲಿ ಯಾರೂ ಬಯಸುವುದಿಲ್ಲ. ಕಡಿಮೆ ಅಂಕದವರು, ಗೈರುಹಾಜರಿಯವರು ಎಲ್ಲ ಅಲ್ಲಿ. "ನಿಮಗೆ ಹಿರಿತನ ಇದೆ ಮೇಡಂ, ಎ ವಿಭಾಗವೇ ಇರಲಿ" ಎಂದರು.

"ಸಿ ಕೊಡಿ ಸಾರ್" ಎಂದೆ.

ಅವರು ಕನ್ನಡಕದ ಮೇಲಿಂದ ನೋಡಿದರು. ಅಮೆರಿಕದ ನೀರು ಹಿಡಿಸಲಿಲ್ಲವೇನೋ ಅಂದುಕೊಂಡಿರಬೇಕು. ನನ್ನ ನಿವೃತ್ತಿಗೆ ಇನ್ನು ಎರಡು ವರ್ಷ ಬಾಕಿ. ಮೊನ್ನೆ ಮೊದಲ ಕಿರುಪರೀಕ್ಷೆಯಾಯಿತು. ನಲವತ್ತೊಂದು ಮಕ್ಕಳಲ್ಲಿ ಪಾಸಾದವರು ಏಳು.