ಅಗಸ್ತ್ಯಕೂಡದ ಆರೋಗ್ಯಪಚ್ಚ

ತಿರುವನಂತಪುರ ಜಿಲ್ಲೆಯ ಮೂಡಣ ಗಡಿಯಲ್ಲಿ 1868 ಮೀಟರು ಎತ್ತರದ ಅಗಸ್ತ್ಯಕೂಡ ನಿಂತಿದೆ. ಅದರ ತಪ್ಪಲಿನ ಅಡವಿಯೇ ಕಾಣಿ ಬುಡಕಟ್ಟಿನವರ ನೆಲೆ. ಅಲ್ಲಿ ತೊರೆಗಳ ಬದಿಯ ನೆರಳಿನಲ್ಲಿ ಬೆಳೆಯುವ ಪುಟ್ಟ ಗಿಡವೊಂದಕ್ಕೆ ಆರೋಗ್ಯಪಚ್ಚವೆಂದು ಹೆಸರು. ಮಲಯಾಳದ ‘ಪಚ್ಚ’ ನಮ್ಮ ‘ಪಚ್ಚೆ’ಯೇ.

1987ರ ಡಿಸೆಂಬರಿನಲ್ಲಿ ಈ ಬೆಟ್ಟವೇರಿದ ವಿಜ್ಞಾನಿಗಳು ಬಳಲಿದರು. ದಾರಿ ತೋರುತ್ತಿದ್ದ ಕಾಣಿಗಳು ಬಳಲಲಿಲ್ಲ. ಅವರು ನಡುನಡುವೆ ಮೆಲ್ಲುತ್ತಿದ್ದುದು ಈ ಗಿಡದ ಕಾಯಿಗಳನ್ನು. ಗುಟ್ಟನ್ನು ಹೇಳಲು ಮೊದಲು ಹಿಂಜರಿದವರು, ಒತ್ತಾಯಿಸಿದ ಮೇಲೆ ಗಿಡವನ್ನು ತೋರಿಸಿದರು. ಪಾಲೋಡಿನ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆಯಲ್ಲಿ ಅದರ ಎಲೆಯಿಂದ ‘ಜೀವನಿ’ ಎಂಬ ಔಷಧ ಸಿದ್ಧವಾಯಿತು. ತಯಾರಿಕೆಯ ಹಕ್ಕಿಗಾಗಿ ಕೊಯಮತ್ತೂರಿನ ಔಷಧಾಲಯವೊಂದು ಕೊಟ್ಟ 10 ಲಕ್ಷ ರೂಪಾಯಿಯಲ್ಲಿಯೂ ಮಾರಾಟದ ಮೇಲಿನ ಶೇಕಡಾ 2ರ ರಾಜಧನದಲ್ಲಿಯೂ ಅರ್ಧ ಕಾಣಿಗಳಿಗೆಂದು ನಿಶ್ಚಯವಾಯಿತು. ಅದಕ್ಕಾಗಿ 1997ರಲ್ಲಿ ಅವರದೇ ಟ್ರಸ್ಟ್ ನೋಂದಣಿಯಾಯಿತು. ಜೀವವೈವಿಧ್ಯ ಕಾಯಿದೆ ಬಂದುದು 2002ರಲ್ಲಿ. ಪಾಲು ಕೊಡುವ ನ್ಯಾಯ ಅದಕ್ಕೂ ಮೊದಲೇ ಇಲ್ಲಿ ನಡೆದಿತ್ತು.

ಆದರೂ ಗುಟ್ಟು ಹೇಳಿದವರು ಕೆಲವರು, ಅರಿವು ಎಲ್ಲರದು. ತಮ್ಮನ್ನು ಕೇಳಲಿಲ್ಲವೆಂದು ಬೇರೆ ಕಾಣಿಗಳು ಆಕ್ಷೇಪಿಸಿದರು. ಹಣವನ್ನು ಪಾಲು ಮಾಡಲು ಕರಾರು ಸಾಕು. ಆದರೆ ಹೇಳಿಬಿಟ್ಟ ಗುಟ್ಟನ್ನು ಮರಳಿ ಕೊಡಿಸುವ ಕಾಯಿದೆಯಿಲ್ಲ. ಆದುದರಿಂದ ಕೇಳುವ ಮುನ್ನವೇ ಇಡೀ ಸಮುದಾಯದ ಒಪ್ಪಿಗೆ ಬೇಕು.