ಮಿತವಾದ ಮಾತು

ಬಸವನ ಬಾಗೇವಾಡಿಯ ನೆಲಕ್ಕೆ ಮಿತವಾದ ಮಾತು ಹೊಸತಲ್ಲ. ವಚನಗಳನ್ನು ಹುಡುಕಿ ಅಚ್ಚುಹಾಕಿಸಿದ ಫ. ಗು. ಹಳಕಟ್ಟಿಯವರು ವಿಜಯಪುರದಿಂದ 1926ರಲ್ಲಿ 'ಶಿವಾನುಭವ'ವನ್ನೂ 1927ರಲ್ಲಿ 'ನವಕರ್ನಾಟಕ'ವನ್ನೂ ಹೊರಡಿಸಿದರು. ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ ಆ ಕಾಲದಲ್ಲಿ ಹೆಚ್ಚಿನ ಪ್ರತಿಯೊಂದು ಮಾತಿಗೂ ಶ್ರಮದ ಬೆಲೆ ತೆರಬೇಕಾಗುತ್ತಿದ್ದಿತು.

ಅದೇ ಊರಿಗೆ ಪತ್ರಿಕಾವೃತ್ತಿಯನ್ನು ಕಲಿಯಲೆಂದು ಇಂಡಿಯ ಕಡೆಯ ರೈತನ ಮಗಳೊಬ್ಬಳು ಬಂದಳು. ಲಿಂಬೆಯ ಪೇಟೆ ಇಳಿದುದನ್ನು ಕುರಿತು ಅವಳು ಬರೆದ ಮೊದಲ ವರದಿ ನಾಲ್ಕು ಪುಟಗಳಷ್ಟಾಯಿತು. ಅದರಲ್ಲಿ 'ಅನ್ನದಾತನ ಕಣ್ಣೀರು' ಮೂರು ಸಲ ಬಂದಿದ್ದಿತು. ಹಣ್ಣು ಯಾವ ದಿನ ಯಾವ ಬೆಲೆಗೆ ಹೋಯಿತೆಂಬುದು ಒಮ್ಮೆಯೂ ಬಂದಿರಲಿಲ್ಲ. ಗುರುಗಳು ಅಲಂಕಾರಗಳನ್ನೆಲ್ಲ ಹೊಡೆದುಹಾಕಿದರು. ತಂದೆಯ ದುಃಖವನ್ನೇ ಹೊಡೆದುಹಾಕಿದರೆಂದು ಅವಳಿಗೆ ತೋರಿತು.

ಎರಡನೆಯ ಬರಹ ಹತ್ತೇ ಸಾಲಿನದು. ಗುರುಗಳು ಓದಿ, "ಹಣ್ಣು ಆರಿಸುವ ಹೆಣ್ಣುಮಕ್ಕಳ ಕೂಲಿ ಎಲ್ಲಿ ಹೋತು, ತಂಗಿ?" ಎಂದರು. ಮಾತನ್ನು ಕಡಿಮೆ ಮಾಡುವುದು ಬೇರೆ, ಮನುಷ್ಯರನ್ನು ಕಡಿಮೆ ಮಾಡುವುದು ಬೇರೆ ಎಂಬುದು ಅವಳಿಗೆ ಆಗ ಹೊಳೆಯಿತು.

ಮೂರನೆಯ ಬರಹದಲ್ಲಿ ಕಣ್ಣೀರಿನ ಮಾತಿರಲಿಲ್ಲ. ಚೀಲದ ಬೆಲೆಯಿದ್ದಿತು, ಅದರ ಕೆಳಗೆ ಕೂಲಿಯಿದ್ದಿತು. ಒಂದರಲ್ಲಿ ಇನ್ನೊಂದನ್ನು ಕಳೆದ ಓದುಗನಿಗೆ ರೈತನ ಕೈಯಲ್ಲಿ ಏನೂ ಉಳಿಯಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿರಲಿಲ್ಲ.